ಯರ್ರಬೂನಿನಲ್ಲಿ ರೈಲು ನಿಂತ ದಿನ

ಎಲ್ಲಕ್ಕೂ ಮೂಲ ಒಂದು ನೊಣ. ಅದು ಥೆಲ್ಮಾ ಪ್ಲಂಕೆಟ್ ಎಂಬ ಮಹಾತಾಯಿಯ ಮೂಗಿನ ಮೇಲೆ ಕೂರದೆ ಬೇರೆಲ್ಲಾದರೂ ಕೂತಿದ್ದರೆ ಯರ್ರಬೂನ್ ರೈಲ್ವೆ ಸ್ಟೇಷನ್ನಿನ ಚರಿತ್ರೆಯೇ ಬೇರೆಯಾಗುತ್ತಿತ್ತು.

ಯರ್ರಬೂನಿನಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಪ್ಲಾಟ್‌ಫಾರಮ್ಮಿನ ಮೇಲೆ ಯಾರಾದರೂ ಕೈ ಎತ್ತಿದರೆ ನಿಲ್ಲಬೇಕು, ಇಲ್ಲದಿದ್ದರೆ ಕೂಗಿಕೊಂಡು ಹೋಗಿಬಿಡಬೇಕು. ಹಾಗೆಂದು ನಿಯಮ ಮಾಡಿದವರು ಸಿಡ್ನಿಯಲ್ಲಿ ಫ್ಯಾನಿನ ಕೆಳಗೆ ಕೂತವರು. ಅವರಿಗೆ ಯರ್ರಬೂನಿನ ನೊಣಗಳ ಪರಿಚಯವಿರಲಿಲ್ಲ. ಇಲ್ಲಿ ಬೇಸಿಗೆ ಬಂತೆಂದರೆ ನೊಣಗಳು ಮನುಷ್ಯರ ಕಣ್ಣು ಮೂಗು ಬಾಯಿಗಳನ್ನು ಸ್ವಂತ ಮನೆ ಅಂದುಕೊಂಡುಬಿಡುತ್ತವೆ. ಮದುವೆಯಲ್ಲಿ, ಹರಟೆಯಲ್ಲಿ, ಸತ್ತವರಿಗೆ ಮಣ್ಣು ಕೊಡುವಾಗ, ಎಲ್ಲ ಹೊತ್ತಿನಲ್ಲೂ ಊರಿನವರ ಒಂದು ಕೈ ಮುಖದ ಮುಂದೆ ಬೀಸುತ್ತಲೇ ಇರುತ್ತದೆ. ಒಂದು ದಿನ ಥೆಲ್ಮಾ ಸ್ಟೇಷನ್ನಿನ ಬೆಂಚಿನ ಮೇಲೆ ನೆರಳಿಗೆಂದು ಕೂತು ಸ್ವೆಟರ್ ಹೆಣೆಯುತ್ತಿದ್ದವಳು ನೊಣ ಓಡಿಸಲು ಕೈ ಬೀಸಿದಳು. ಅಷ್ಟುದ್ದದ ರೈಲು ಕಿರ್ರೆಂದು ಅರಚಿಕೊಂಡು ನಿಂತುಬಿಟ್ಟಿತು.

"ಹತ್ತಮ್ಮಾ ಬೇಗ" ಅಂದ ಡ್ರೈವರ್.

"ನಾನ್ಯಾಕಪ್ಪಾ ಹತ್ಲಿ? ನೊಣ ಓಡಿಸ್ತಿದ್ದೆ" ಅಂದಳು ಥೆಲ್ಮಾ.

ಆಮೇಲೆ ಪೋಸ್ಟ್‌ಮನ್ ಒಮ್ಮೆ ನಿಲ್ಲಿಸಿದ. ಪಾದ್ರಿಗಳೂ ಒಮ್ಮೆ ನಿಲ್ಲಿಸಿದರು. ಕುರಿ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಒಂದೇ ವಾರದಲ್ಲಿ ಎರಡು ಸಲ ನಿಲ್ಲಿಸಿದ. ಹತ್ತಿದವರು ಮಾತ್ರ ಯಾರೂ ಇಲ್ಲ. ಕೊನೆಗೆ ಡ್ರೈವರುಗಳೆಲ್ಲ ಸೇರಿ ತಮ್ಮತಮ್ಮಲ್ಲೇ ಒಂದು ತೀರ್ಮಾನಕ್ಕೆ ಬಂದರು: ಯರ್ರಬೂನಿನಲ್ಲಿ ಕೈ ಎದ್ದರೆ ಅದು ನೊಣ. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಗತಿಯೇ ಇಡೀ ಊರಿಗೆ ಬಂತು. ಅಂದಿನಿಂದ ಯಾರೆಷ್ಟೇ ಕೈ ಬೀಸಲಿ, ಡ್ರೈವರ್ ತಾನೂ ಒಮ್ಮೆ ಪ್ರೀತಿಯಿಂದ ಕೈ ಬೀಸಿ ಮುಂದೆ ಹೋಗುತ್ತಿದ್ದ. ಊರಿನವರು ಇದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ, ಎಲ್ಲರ ಮನೆಯಲ್ಲೂ ಕಾರಿತ್ತು.

ತಲೆಗೆ ಹಚ್ಚಿಕೊಂಡವನು ಕ್ಲೆಮ್ ಟ್ವೀಡಿ ಒಬ್ಬನೇ. ಅವನು ಹುಟ್ಟಿದ್ದು ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿನ ಕೊನೆಯ ಸ್ಟೇಷನ್ ಮಾಸ್ಟರ್, ಮಗ ಕೊನೆಯ ಪೋರ್ಟರ್. ಕೆಲಸದವರನ್ನೆಲ್ಲ ತೆಗೆದು ಟಿಕೆಟ್ ಕಿಟಕಿಗೆ ಹಲಗೆ ಹೊಡೆದ ಮೇಲೂ ಅವನು ದಿನಾ ಬೆಳಿಗ್ಗೆ ಹೋಗಿ ಪ್ಲಾಟ್‌ಫಾರಮ್ ಗುಡಿಸಿ ಬರುತ್ತಿದ್ದ. ಊರಿನ ಚರಿತ್ರೆ ಸಂಘಕ್ಕೆ ಅವನೇ ಅಧ್ಯಕ್ಷ, ಅವನೇ ಕಾರ್ಯದರ್ಶಿ, ಬಹುಪಾಲು ಸಭೆಗಳಿಗೆ ಅವನೇ ಸಭಿಕ. ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ, "ನೂರು ವರ್ಷದ ಹಿಂದೆ ಒಬ್ಬ ಸರ್ವೇಯರು ಹಸ್ಕೊಂಡು ಈ ಊರಿಗೆ ಬಂದ ನೋಡು..." ಎಂದು ಸ್ಟೇಷನ್ನಿನ ಚರಿತ್ರೆ ಶುರು ಮಾಡುತ್ತಿದ್ದ. ಅಷ್ಟರಲ್ಲಿ ಕೇಳುವವರಿಗೆ ಒಲೆಯ ಮೇಲೆ ಇಟ್ಟು ಬಂದದ್ದು ನೆನಪಾಗುತ್ತಿತ್ತು. ಆ ಸರ್ವೇಯರನ ಹೊಟ್ಟೆ ತುಂಬಿತೋ ಇಲ್ಲವೋ ಯರ್ರಬೂನಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸ್ಟೇಷನ್ನಿಗೆ ನೂರು ತುಂಬುವ ಹೊತ್ತಿಗೆ ಸರಿಯಾಗಿ ರೈಲ್ವೆಯವರಿಂದ ಸಿಡಿಲಿನಂಥ ಸುದ್ದಿ ಬಂತು. ಹತ್ತುವವರಿಲ್ಲದ ಸ್ಟೇಷನ್ ಯಾರಿಗೆ ಬೇಕು, ಹೆಸರು ತೆಗೆದು ಕಟ್ಟಡ ಕೆಡವಿಬಿಡೋಣ ಎಂದು. ಕ್ಲೆಮ್ ಊಟ ಬಿಟ್ಟ, ನಿದ್ದೆ ಬಿಟ್ಟ, ಅಂಗಲಾಚಿದ. ಕಡೆಗೆ ಪೆಂಬರ್ಟನ್ ಎಂಬ ದೊಡ್ಡ ಸಾಹೇಬರು ಒಂದು ಮಾತಿಗೆ ಒಪ್ಪಿದರು. ನೂರರ ಹಬ್ಬದ ದಿನ ತಾವೇ ಬೆಳಗಿನ ರೈಲಿನಲ್ಲಿ ಪ್ರಯಾಣಿಕರಂತೆ ಕೂತು ಬರುತ್ತಾರೆ, ಡ್ರೈವರಿಗೆ ಏನೂ ಹೇಳುವುದಿಲ್ಲ. ಊರಿನವರು ತಾವಾಗಿ ರೈಲು ನಿಲ್ಲಿಸಿ ಒಬ್ಬರಾದರೂ ಹತ್ತಿದರೆ ಸ್ಟೇಷನ್ ಉಳಿಯುತ್ತದೆ. ಇಲ್ಲವಾದರೆ ಮುಂದಿನ ತಿಂಗಳು ಕೆಡವುವವರು ಬರುತ್ತಾರೆ.

ಹಬ್ಬದ ದಿನ ಬೆಳಿಗ್ಗೆ ಕ್ಲೆಮ್ ತನ್ನ ಅಪ್ಪನ ಸ್ಟೇಷನ್ ಮಾಸ್ಟರ್ ಕೋಟನ್ನು ಪೆಟ್ಟಿಗೆಯಿಂದ ತೆಗೆದು ತೊಟ್ಟುಕೊಂಡ. ತೊಟ್ಟುಕೊಂಡ ಅನ್ನುವುದಕ್ಕಿಂತ ಅವನ ಹೆಂಡತಿ ನೋಲಾ ಅವನನ್ನು ಅದರೊಳಕ್ಕೆ ತುರುಕಿದಳು ಅನ್ನುವುದೇ ಸರಿ.

"ನಿಮ್ಮಪ್ಪ ಬೇಲಿ ಗೂಟದ ಹಾಗಿದ್ರು. ನೀನೋ ಉಣ್ಣೆ ಮೂಟೆ" ಅಂದಳು ಗುಂಡಿ ಹಾಕುತ್ತ. "ನೋಡು, ಜೋರಾಗಿ ಉಸಿರಾಡಬೇಡ. ಕೈಯಂತೂ ಮೇಲಕ್ಕೆ ಏಳಲ್ಲ."

"ನಾನ್ಯಾಕೆ ಕೈ ಎತ್ಲಿ? ಎತ್ತೋಳು ನೀನು, ಟಿಂಬರೂಗೆ ಹೋಗೋಳು ನೀನು. ನಾನು ನಿಂತು ಭಾಷಣ ಮಾಡೋನು."

ಅವನು ಹೂಡಿದ್ದ ಉಪಾಯ ಹೀಗಿತ್ತು. ಊರಿನವರೆಲ್ಲ ಪ್ಲಾಟ್‌ಫಾರಮ್ಮಿನ ಮೇಲೆ ಕೈ ಅಲ್ಲಾಡಿಸದೆ ನಿಲ್ಲಬೇಕು. ನೋಲಾ ಒಬ್ಬಳೇ ಕೈಯನ್ನು ನೆಟ್ಟಗೆ ಎತ್ತಬೇಕು. ಅಷ್ಟು ಜನರ ನಡುವೆ ಒಂದೇ ಕೈ ಎದ್ದರೆ ಅದು ನೊಣವಲ್ಲ, ಪ್ರಯಾಣಿಕಳು ಎಂದು ಎಂಥ ದಡ್ಡ ಡ್ರೈವರಿಗೂ ತಿಳಿಯುತ್ತದೆ. ರೈಲು ನಿಂತ ಮೇಲೆ ಅವಳು ಹತ್ತಿ ಮುಂದಿನ ಊರು ಟಿಂಬರೂನಲ್ಲಿರುವ ತಂಗಿ ವಿನ್ನಿಯ ಮನೆಗೆ ಹೋಗುತ್ತಾಳೆ. ಇತ್ತ ಪೆಂಬರ್ಟನ್ ಸಾಹೇಬರ ಎದುರಿಗೆ ಕ್ಲೆಮ್ ಸ್ಟೇಷನ್ನಿನ ಚರಿತ್ರೆಯನ್ನು ಮೊದಲಿನಿಂದ ಕೊನೆಯವರೆಗೆ, ಸರ್ವೇಯರನ ಊಟವೂ ಸೇರಿದಂತೆ, ಓದಿಬಿಡುತ್ತಾನೆ. ಅದಕ್ಕಾಗಿ ಅವನು ಜೀವಮಾನವೆಲ್ಲ ಕಾದಿದ್ದ.

ಗಂಡ ಹೆಂಡತಿ ಸ್ಟೇಷನ್ ತಲುಪಿದಾಗ ಊರಿಗೆ ಊರೇ ಅಲ್ಲಿ ನೆರೆದಿತ್ತು. ಬಣ್ಣದ ಕಾಗದದ ತೋರಣ, ಊರಿನ ಬ್ಯಾಂಡು, ಥೆಲ್ಮಾಳ ಮೇಜಿನ ಮೇಲೆ ಸ್ಕೋನು ಎಂಬ ಪುಟ್ಟ ಬನ್ನು, ಸ್ಪಂಜ್ ಕೇಕು, ಹಿಟ್ಟಿನೊಳಗೆ ಕುರಿಮಾಂಸ ತುಂಬಿ ಬೇಯಿಸಿ ಜಾಲರಿ ಮುಚ್ಚಿದ ಪೈ. ಕ್ಲೆಮ್‌ನ ಕಣ್ಣು ತುಂಬಿ ಬಂತು. ಆಗಲೇ ಒಂದು ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅದರಿಂದ ಇಳಿದವಳು ಟಿಂಬರೂನ ವಿನ್ನಿ.

"ಅಕ್ಕಾ! ನೂರರ ಹಬ್ಬ ಅಂದ್ರೆ ನಾನು ಬರ್ದೇ ಇರ್ತೀನಾ?"

ನೋಲಾ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು, ಟೋಪಿ ತೆಗೆದಳು.

"ಏನ್ಮಾಡ್ತಿದೀಯ ನೋಲಾ? ರೈಲು ಬರೋ ಹೊತ್ತಾಯ್ತು."

"ಇವಳೇ ಇಲ್ಲಿಗೆ ಬಂದ ಮೇಲೆ ನಾನು ಟಿಂಬರೂಗೆ ಹೋಗಿ ಯಾರ ಮುಖ ನೋಡ್ಲಿ? ಇವಳ ಬೆಕ್ಕಿನ ಮುಖಾನಾ?" ಎಂದು ನೋಲಾ ತಂಗಿಯ ಕೈ ಹಿಡಿದು ಕೇಕಿನ ಮೇಜಿನ ಕಡೆ ನಡೆದೇಬಿಟ್ಟಳು.

ಕ್ಲೆಮ್ ಓಡಿಹೋಗಿ ಥೆಲ್ಮಾಳನ್ನು ಹಿಡಿದ.

"ಥೆಲ್ಮಾ, ನಿನ್ನ ದಮ್ಮಯ್ಯ, ಟಿಂಬರೂವರೆಗೆ ಒಂದು ಸಲ ಹೋಗಿ ಬಾ. ಸಂಜೆ ರೈಲಿಗೆ ವಾಪಸ್ ಬಂದುಬಿಡಬಹುದು."

"ನಾನು ಹೋದ್ರೆ ಸ್ಕೋನಿಗೆ ಕ್ರೀಮ್ ಹಾಕೋರ್ಯಾರು? ನಿನ್ನ ಹೆಂಡ್ತೀನಾ? ಜಾಮ್ ಮೇಲೆ ಕ್ರೀಮ್ ಹಾಕೋದು ಬಿಟ್ಟು ಅವಳು ಕ್ರೀಮ್ ಮೇಲೆ ಜಾಮ್ ಹಾಕೋಳು ಕಣೋ. ಸಾಹೇಬ್ರ ಮುಂದೆ ಊರಿನ ಮಾನ ಹೋಗುತ್ತೆ."

"ಸ್ಟೇಷನ್ ಹೋಗ್ತಿದೆ ಅಂದ್ರೆ ಕ್ರೀಮ್ ಅಂತೀಯಲ್ಲೇ!"

"ಸ್ಟೇಷನ್ ಹೋದ್ರೆ ಇನ್ನೊಂದು ಕಟ್ಬಹುದು" ಅಂದಳು ಥೆಲ್ಮಾ.

ಪಾದ್ರಿಗಳಿಗೆ ರೈಲಿನಲ್ಲಿ ಕೂತರೆ ತಲೆ ಸುತ್ತು. ಪೋಸ್ಟ್‌ಮನ್ನಿಗೆ ಟಿಂಬರೂನಲ್ಲಿ ಹಳೆಯ ಹಗೆ. ಬ್ಯಾಂಡಿನವರನ್ನು ಕೇಳಿದರೆ ಒಬ್ಬ ಹೋದರೂ ರಾಗ ಕೆಡುತ್ತದೆ ಅಂದರು, ಇದ್ದ ರಾಗ ಯಾವುದೆಂದು ಕ್ಲೆಮ್ ಕೇಳಲಿಲ್ಲ. ಎಲ್ಲರಿಗೂ ಸ್ಟೇಷನ್ ಉಳಿಯಬೇಕು, ರೈಲು ನಿಲ್ಲಬೇಕು, ಹತ್ತುವವನು ಮಾತ್ರ ಪಕ್ಕದ ಮನೆಯವನಾಗಬೇಕು. ಕೊನೆಗೆ ಉಳಿದವನು ಪೆಟ್ರೋಲ್ ಬಂಕಿನ ಕೆವ್ ಡ್ರಮಂಡ್. ಊರಿನಲ್ಲೇ ದಪ್ಪನೆಯ ಮೀಸೆ ಅವನದು, ಕ್ಲೆಮ್‌ನನ್ನು ರೇಗಿಸುವ ಗುತ್ತಿಗೆಯೂ ಅವನದೇ.

"ಪೆಟ್ರೋಲ್ ಮಾರೋನ್ನ ರೈಲು ಹತ್ತು ಅಂತೀಯಲ್ಲ, ಕಟುಕನಿಗೆ ಸೊಪ್ಪು ತಿನ್ನು ಅಂದಂಗಾಯ್ತು" ಎಂದು ಅವನು ನಕ್ಕ. "ಅದಿರ್ಲಿ ಗುರೂ, ರೈಲು ನಿಂತ್ರೆ ತಾನೇ ಹತ್ತೋ ಮಾತು? ನಿಲ್ಲಲ್ಲ. ಬೇಕಾದ್ರೆ ಎಲ್ಲರ ಮುಂದೆ ಹೇಳ್ತೀನಿ ಕೇಳು: ಇವತ್ತು ಇಲ್ಲಿ ರೈಲು ನಿಂತ್ರೆ ಈ ಮೀಸೆ ಅರ್ಧ ಬೋಳಿಸ್ಕೊಂಡು ಊರು ತಿರುಗ್ತೀನಿ."

ಜನ ಓ ಎಂದು ಕೂಗಿದರು. ಅಷ್ಟರಲ್ಲಿ ದೂರದಲ್ಲಿ ಕಂಬಿ ಹಾಡತೊಡಗಿತು. ಕ್ಲೆಮ್ ಕಟ್ಟಡವನ್ನೊಮ್ಮೆ ನೋಡಿದ. ಅಪ್ಪ ದೀಪ ಹಿಡಿದು ನಿಲ್ಲುತ್ತಿದ್ದ ಮೆಟ್ಟಿಲು, ಅಮ್ಮ ಬಟ್ಟೆ ಒಣಹಾಕುತ್ತಿದ್ದ ಕಟಕಟೆ, ಎಲ್ಲ ಅಲ್ಲೇ ಇತ್ತು. ಹತ್ತುವವರನ್ನು ಆಮೇಲೆ ಹುಡುಕೋಣ, ಮೊದಲು ನಿಲ್ಲಲಿ ಎಂದುಕೊಂಡ. ನೋಲಾ ಕೇಕಿನಲ್ಲಿ ಮುಳುಗಿದ್ದಳು, ಕೈ ಎತ್ತುವ ಕೆಲಸವೂ ಈಗ ಅವನದೇ ಆಯಿತು.

"ಎಲ್ಲರೂ ಕೇಳಿ!" ಎಂದು ಕೂಗಿದ. "ಕೈ ಕೆಳಗೆ! ನಾನು ಸಾಕು ಅನ್ನೋವರೆಗೂ ಯಾರೂ ಅಲ್ಲಾಡಬಾರದು. ನೊಣ ಮೂಗೊಳಗೆ ಹೋದ್ರೂ ಸರಿ."

"ಬಾಯೊಳಗೆ ಹೋದ್ರೆ?" ಎಂದು ಥೆಲ್ಮಾ ಕೇಳಿದಳು.

"ನುಂಗಿಬಿಡು ತಾಯೀ. ಊರಿಗೋಸ್ಕರ."

ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಇಂಥ ಔತಣ ನೊಣಗಳಿಗೆ ಹುಟ್ಟಿದ ಮೇಲೆ ಸಿಕ್ಕಿರಲಿಲ್ಲ. ಒಂದೊಂದು ಮುಖಕ್ಕೂ ಹಿಂಡುಹಿಂಡಾಗಿ ಬಂದವು. ಪಾದ್ರಿಗಳ ಹುಬ್ಬಿನ ಮೇಲೆ ಸಂತೆ ಸೇರಿತು. ನೋಲಾಳ ಕೈಯಲ್ಲಿದ್ದ ಕೇಕಿನ ತುಂಡು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ಕೆವ್ ಕೂಡ, ಯಾಕೆಂದು ಅವನಿಗೇ ಗೊತ್ತಿಲ್ಲ, ಕಲ್ಲಿನ ಹಾಗೆ ನಿಂತುಬಿಟ್ಟ.

ರೈಲು ತಿರುವಿನಲ್ಲಿ ಕಾಣಿಸಿತು. ಕ್ಲೆಮ್ ಬಲಗೈ ಎತ್ತಿದ. ಕೈ ಏಳಲಿಲ್ಲ. ಅಪ್ಪನ ಕೋಟು ಕಂಕುಳಲ್ಲಿ ಹಿಡಿದುಕೊಂಡಿತ್ತು. ಎಡಗೈ ಎತ್ತಿದ, ಅದೂ ಏಳಲಿಲ್ಲ. ಕತ್ತು ಕೆಂಪಗಾಗಿ ಮುಖ ಊದಿಕೊಂಡಿತು, ಕೈಗಳು ಮಾತ್ರ ತೊಡೆಗೆ ಅಂಟಿಕೊಂಡು ನಿಂತವು. ಪಕ್ಕದವರಿಗೆ ಕೈ ಎತ್ತಿ ಎಂದು ಹೇಳೋಣವೆಂದರೆ, ಊದಿದ ಗಂಟಲಿಗೆ ಬಿಗಿದ ಆ ಮೇಲಿನ ಗುಂಡಿಯನ್ನು ಅಪ್ಪ ಹೊಲಿಸಿದ್ದು ಮಾತಾಡದ ಮನುಷ್ಯನಿಗೆ ಎಂದು ಆಗ ಗೊತ್ತಾಯಿತು. ಗಂಟಲಿನಿಂದ ಗೊರ್ ಎಂದು ಮಾತ್ರ ಬಂತು. ರೈಲು ಹತ್ತಿರ ಬರುತ್ತಲೇ ಇತ್ತು. ಮುಗೀತು, ಎಲ್ಲ ಮುಗೀತು ಎಂದು ಕ್ಲೆಮ್ ಕಣ್ಣು ಮುಚ್ಚಿಕೊಂಡ.

ಆಗ ಯರ್ರಬೂನಿನಲ್ಲಿ ಎಷ್ಟೋ ವರ್ಷದಿಂದ ಕೇಳಿರದ ಸದ್ದು ಕೇಳಿಸಿತು. ಬ್ರೇಕು! ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಕಿಡಿ ಹಾರಿಸುತ್ತ, ಏದುಸಿರು ಬಿಡುತ್ತ ರೈಲು ಬಂದು ನಿಂತೇಬಿಟ್ಟಿತು. ಡ್ರೈವರ್ ಇಂಜಿನ್ನಿನಿಂದ ಧುಮುಕಿ ಓಡಿಬಂದ. ಅವನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಏನ್ರೀ ಆಯ್ತು ನಿಮಗೆಲ್ಲಾ? ಜೀವ ಇದೆಯೇನ್ರೀ? ಯಾರಾದ್ರೂ ಮಾತಾಡ್ರೋ!"

ಅವನ ತಪ್ಪೇನು? ಯರ್ರಬೂನಿನಲ್ಲಿ ಬೀಸದ ಕೈಯನ್ನು ಅವನು ಈ ಜನ್ಮದಲ್ಲಿ ಕಂಡಿರಲಿಲ್ಲ. ಊರಿಗೆ ಊರೇ ನೊಣ ಮುತ್ತಿಸಿಕೊಂಡು ಅಲ್ಲಾಡದೆ ನಿಂತದ್ದನ್ನು ನೋಡಿ, ಬಿಸಿಲಿಗೋ ವಿಷಕ್ಕೋ ಎಲ್ಲರೂ ನಿಂತ ನಿಲುವಿನಲ್ಲೇ ಹೋಗಿಬಿಟ್ಟಿದ್ದಾರೆ ಎಂದು ಹೆದರಿಹೋಗಿದ್ದ.

ಡಬ್ಬಿಯಿಂದ ಪೆಂಬರ್ಟನ್ ಸಾಹೇಬರು ಇಳಿದರು. ಅವರನ್ನು ಕಂಡದ್ದೇ, ಇಷ್ಟು ವರ್ಷ ಬೀಸಿದ ಕೈಗಳನ್ನೆಲ್ಲ ಬಿಟ್ಟುಹೋದದ್ದು ಬಯಲಾದೀತೆಂದು ಡ್ರೈವರಿಗೆ ಇನ್ನಷ್ಟು ಬೆವರು ಕಿತ್ತುಕೊಂಡಿತು. ಸಾಹೇಬರು ಅವನನ್ನು ಇಂಜಿನ್ನಿನ ಹತ್ತಿರ ಕರೆದೊಯ್ದು ಏನೋ ಕೇಳಿದರು. ಅವನು ಜನರ ಕಡೆಗೂ ತನ್ನ ಕೈಗಳ ಕಡೆಗೂ ತೋರಿಸುತ್ತ ಏನೇನೋ ವಿವರಿಸಿದ. ಸಾಹೇಬರು ಬಹಳ ಮೆಚ್ಚಿಕೊಂಡವರಂತೆ ತಲೆದೂಗಿದರು. ದೂರದಲ್ಲಿದ್ದ ಕ್ಲೆಮ್‌ಗೆ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಿಕೊಳ್ಳುವ ಸ್ಥಿತಿಯಲ್ಲೂ ಅವನಿರಲಿಲ್ಲ, ಕಣ್ಣೀರಿನಲ್ಲಿ ರೈಲೇ ಎರಡೆರಡಾಗಿ ಕಾಣುತ್ತಿತ್ತು.

"ಅದ್ಭುತ!" ಎನ್ನುತ್ತ ಸಾಹೇಬರು ಬಂದರು. "ಇಂಥ ಶಿಸ್ತನ್ನ ನಾನು ಎಲ್ಲೂ ನೋಡಿಲ್ಲ. ಸರಿ, ಹತ್ತೋರು ಯಾರು?"

ಯಾರೂ ಅಲ್ಲಾಡಲಿಲ್ಲ. ಕ್ಲೆಮ್ ಇನ್ನೂ ಸಾಕು ಅಂದಿರಲಿಲ್ಲ. ಅದೇ ಒಳ್ಳೆಯದಾಯಿತೆಂದು ಎಲ್ಲರೂ ಇನ್ನಷ್ಟು ಗಟ್ಟಿಯಾಗಿ ಕಲ್ಲಾದರು. ಬೆಕ್ಕಿಗೆ ಗಂಟೆ ಕಟ್ಟಲು ಇಲಿಗಳು ಸಭೆ ಸೇರಿದಂತಾಯಿತು. ಸಾಹೇಬರು ಗಡಿಯಾರ ನೋಡಿಕೊಂಡರು.

ಕ್ಲೆಮ್ ಕತ್ತು ಉಬ್ಬಿಸಿ ಮೇಲಿನ ಗುಂಡಿ ಹಾರಿಸಿಬಿಟ್ಟ. "ನಾನು ಸ್ವಾಮಿ" ಅಂದ. "ನಾನೇ ಹತ್ತೋನು."

ಹಾಗೆಂದು ಹೇಳಿದ ಮೇಲೆ ತಾನು ಏನು ಕಳೆದುಕೊಂಡೆ ಎಂದು ಅವನಿಗೆ ಹೊಳೆಯಿತು. ಭಾಷಣ! ಜೀವಮಾನದಲ್ಲಿ ಒಮ್ಮೆ ಊರೆಲ್ಲ ಬಾಯಿ ಮುಚ್ಚಿ ನಿಂತಿರುವಾಗ ಹೇಳುವುದನ್ನು ಬಿಟ್ಟು ಹೋಗಬೇಕು. ಆದರೂ ಅವನು ಹಿಂಜರಿಯಲಿಲ್ಲ. ಭಾಷಣದ ಕಾಗದವನ್ನು ಹತ್ತಿರದವನ ಕೈಗೆ ತುರುಕಿ, ಎದೆಯುಬ್ಬಿಸಿ, ಎಂದರೆ ಕೋಟು ಬಿಟ್ಟಷ್ಟು ಉಬ್ಬಿಸಿ, ರೈಲು ಹತ್ತಿದ. ಬಾಗಿಲಲ್ಲಿ ನಿಂತು "ಸಾಕು!" ಎಂದು ಕೂಗಿದ. ಆಗ ಎದ್ದಿತು ನೋಡಿ ಗದ್ದಲ! ಬ್ಯಾಂಡು ಬಡಿಯಿತು, ಟೋಪಿಗಳು ಹಾರಿದವು, ನೊಣಗಳು ಮೋಡದ ಹಾಗೆ ಎದ್ದವು. ಥೆಲ್ಮಾ ಅಳುತ್ತಿದ್ದಳು. ರೈಲು ಹೊರಟ ಮೇಲೆ ನೋಡುತ್ತಾನೆ, ಭಾಷಣದ ಕಾಗದ ಕೆವ್ ಡ್ರಮಂಡನ ಕೈಯಲ್ಲಿತ್ತು.

ಸಾಹೇಬರೂ ಹಬ್ಬಕ್ಕೆ ನಿಲ್ಲದೆ ಅದೇ ರೈಲು ಹತ್ತಿದ್ದರು, ದಾರಿಯಲ್ಲಿ ಕ್ಲೆಮ್‌ನ ಬೆನ್ನು ತಟ್ಟಿದರು. "ನಿಮ್ಮ ಸ್ಟೇಷನ್ ಉಳೀತು ಮಾರಾಯ್ರೇ. ಇನ್ನು ಯಾರೂ ಮುಟ್ಟೋಕಾಗಲ್ಲ. ರೈಲು ನಿಲ್ಲಿಸೋದಕ್ಕೆ ನಿಮ್ಮೂರಿನಲ್ಲಿ ಇರೋ ಪದ್ಧತೀನ ಡ್ರೈವರ್ ಹೇಳ್ದ. ಬಹಳ ಹಿಡಿಸ್ತು. ಇವತ್ತೇ ಅದನ್ನ ಎಲ್ಲ ಡ್ರೈವರಿಗೂ ಆದೇಶ ಮಾಡಿಬಿಡ್ತೀನಿ."

"ದೊಡ್ಡ ಮನಸ್ಸು ಸ್ವಾಮಿ" ಅಂದ ಕ್ಲೆಮ್. ಸಂತೋಷದಲ್ಲಿ ಅವನಿಗೆ ಯಾವ ಪದ್ಧತಿ ಎಂದು ಕೇಳಬೇಕೆನ್ನಿಸಲಿಲ್ಲ. "ಈ ಸ್ಟೇಷನ್ನಿನ ಚರಿತ್ರೆ ಕೇಳಿ ಸ್ವಾಮಿ. ನೂರು ವರ್ಷದ ಹಿಂದೆ ಒಬ್ಬ ಸರ್ವೇಯರು ಹಸ್ಕೊಂಡು..."

ಸಾಹೇಬರು ಆಗಲೇ ನಿದ್ದೆ ಹೋಗಿದ್ದರು.

ಟಿಂಬರೂನಲ್ಲಿ ಆ ಮಧ್ಯಾಹ್ನ ಕ್ಲೆಮ್ ನಡೆದ ನಡಿಗೆ ನೋಡಬೇಕಿತ್ತು. ನೂರು ವರ್ಷದಿಂದ ಆ ಊರಿಗೂ ಯರ್ರಬೂನಿಗೂ ಎಣ್ಣೆ ಸೀಗೆಕಾಯಿ. ಅಲ್ಲಿನ ಪಬ್ಬಿನಲ್ಲಿ ಕೂತು ಒಬ್ಬೊಬ್ಬರಿಗೂ ಕೇಳಿಸುವಂತೆ, ನಮ್ಮ ಸ್ಟೇಷನ್ ಉಳೀತು, ನಮ್ಮ ಸ್ಟೇಷನ್ ಉಳೀತು ಎಂದು ಹೇಳಿ ಬಿಯರ್ ಕುಡಿದ. ಸಂಜೆಯ ರೈಲಿಗೆ ಮೊದಲು ಅಲ್ಲಿಂದಲೇ ನೋಲಾಗೆ ಫೋನು ಮಾಡಿದ.

"ಕ್ಲೆಮ್! ಊರೋರು ಯಾರೂ ಮನೆಗೆ ಹೋಗಿಲ್ಲ ಕಣೋ. ನಿನ್ನ ಹೊತ್ತುಕೊಂಡು ಮೆರವಣಿಗೆ ಮಾಡ್ತಾರಂತೆ. ಆ ಕೆವ್‌ನ ಎಲ್ಲಾ ಸೇರಿ ಹಿಡಿದು ಅರ್ಧ ಮೀಸೆ ಬೋಳಿಸಿದ್ರು. ಅವನೇ ನಿನ್ನ ಭಾಷಣ ಓದ್ದ, ಜನ ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು."

"ಸರ್ವೇಯರು ಪೈ ತಿಂದಿದ್ದು ಓದಿದ್ನಾ?"

"ಅಷ್ಟರಲ್ಲಿ ಟೀ ಆಯ್ತು ಕಣೋ. ನಿಲ್ಲಿಸಿಬಿಟ್ಟ. ಈಗ ರೈಲು ಬಂದಾಗ ನಾವೆಲ್ಲ ಏನು ಮಾಡ್ಬೇಕು? ಮತ್ತೆ ಕಲ್ಲಾಗಬೇಕಾ?"

"ಬೇಡ ನೋಲಾ. ನನ್ನನ್ನ ಇಳಿಸು ಅಂತ ಒಳಗಿಂದಲೇ ಕಂಡಕ್ಟರಿಗೆ ಹೇಳ್ತೀನಿ. ನೀವು ಕೈ ಬೀಸಿ. ಇಷ್ಟು ವರ್ಷ ನೊಣದ ಕೈಯಿಂದ ಹೋದ ಮಾನ ಇವತ್ತು ಬಂತು. ಎರಡೂ ಕೈ ಬೀಸಿ."

ಸಂಜೆಯ ರೈಲಿನಲ್ಲಿ ಅವನು ಕಿಟಕಿಯ ಪಕ್ಕ ರಾಜನ ಹಾಗೆ ಕೂತ. ಯರ್ರಬೂನ್ ಹತ್ತಿರವಾದಾಗ ಕಂಡಕ್ಟರನನ್ನು ಕರೆದು, "ನೋಡಪ್ಪಾ, ನಾನು ಯರ್ರಬೂನಿನಲ್ಲಿ ಇಳಿಯೋನು" ಅಂದ.

"ಇಳೀಬಹುದು ಸ್ವಾಮಿ, ನಿಮ್ಮೂರಿನೋರು ಸುಮ್ಮನೆ ನಿಂತಿದ್ರೆ" ಅಂದ ಕಂಡಕ್ಟರ್.

"ಏನಂದೆ?"

"ಮಧ್ಯಾಹ್ನ ಪೆಂಬರ್ಟನ್ ಸಾಹೇಬ್ರ ಹೊಸ ಆದೇಶ ಬಂತು. ಯರ್ರಬೂನಿನಲ್ಲಿ ಜನ ಅಲ್ಲಾಡದೆ ನಿಂತಿದ್ರೆ ರೈಲು ನಿಲ್ಲಿಸಬೇಕಂತೆ. ಕೈ ಬೀಸಿದ್ರೆ, ನಿಲ್ಲಬೇಡಿ ಹೋಗಿ ಅಂತ ಅರ್ಥವಂತೆ. ಅದು ಆ ಊರಿನ ಹಳೇ ಪದ್ಧತಿಯಂತೆ. ಕೈ ಕಂಡ್ರೆ ಯಾವ ಕಾರಣಕ್ಕೂ ನಿಲ್ಲಿಸಕೂಡದು ಅಂತ ಸಾಹೇಬ್ರು ಒತ್ತಿ ಹೇಳಿದಾರೆ. ಇವತ್ತಿನ ಡ್ರೈವರಿಗಂತೂ ಬೆಳಿಗ್ಗೆಯಿಂದ ಅದೇ ಜಪ, ಅವನೇ ಸಾಹೇಬ್ರಿಗೆ ಹೇಳಿದ್ದಂತೆ."

ಕ್ಲೆಮ್ ದಿಗ್ಗನೆ ಎದ್ದು ಚೈನು ಹುಡುಕಿದ. ಅದಿದ್ದ ಜಾಗದಲ್ಲಿ ಎರಡು ತೂತು ಮಾತ್ರ ಇದ್ದವು. ಕಿಟಕಿಗೆ ಓಡಿ ಅರ್ಧ ಮೈ ಹೊರಗೆ ಹಾಕಿದ. ತಿರುವು ದಾಟಿದ ಕೂಡಲೇ ಯರ್ರಬೂನ್ ಸ್ಟೇಷನ್ ಸಂಜೆ ಬಿಸಿಲಿನಲ್ಲಿ ಬಂಗಾರದ ಹಾಗೆ ಹೊಳೆಯುತ್ತ ಕಾಣಿಸಿತು. ಪ್ಲಾಟ್‌ಫಾರಮ್ಮಿನ ತುಂಬ ಜನ. ಜನಕ್ಕೆ ಎರಡರಷ್ಟು ಕೈ.

"ಕೈ ಇಳಿಸ್ರೋ!" ಎಂದು ಕ್ಲೆಮ್ ಅರಚಿದ. "ಯಾರೂ ಬೀಸಬೇಡ್ರೋ! ಕಲ್ಲಾಗ್ರೋ!"

ಬ್ಯಾಂಡಿನ ಸದ್ದಿನಲ್ಲಿ ಅವನ ಮಾತು ಯಾರಿಗೆ ಕೇಳಬೇಕು? ಪಾಪ, ನಮ್ಮ ಕ್ಲೆಮ್ ಸಂತೋಷ ತಡೆಯಲಾರದೆ ಕೂಗುತ್ತಿದ್ದಾನೆ ಎಂದುಕೊಂಡು ಅವರು ಇನ್ನಷ್ಟು ಜೋರಾಗಿ ಬೀಸಿದರು. ಬೇಡ ಎಂದು ಅವರಿಗೆ ತೋರಿಸಲು ಅವನು ಬಲವನ್ನೆಲ್ಲ ಹಾಕಿ ಕೈ ಎತ್ತಿದ. ಬೆಳಿಗ್ಗೆ ಏಳದ ಕೈ ಈಗ, ಅಪ್ಪನ ಕೋಟಿನ ಕಂಕುಳು ಪರ್ರೆಂದು ಹರಿದು, ಬಾವುಟದ ಹಾಗೆ ಮೇಲಕ್ಕೆ ಹೋಯಿತು. ಇಂಜಿನ್ನಿನಿಂದ ಡ್ರೈವರ್ ಹಿಂದಿರುಗಿ ನೋಡಿದ. ಯರ್ರಬೂನಿನ ಒಂದು ಕೈ ರೈಲಿನೊಳಗಿಂದಲೂ ಹೋಗು ಹೋಗು ಅನ್ನುತ್ತಿದೆ ಎಂದು ತಿಳಿದು, ಉದ್ದಕ್ಕೆ ಸಿಳ್ಳೆ ಹಾಕಿ ವೇಗ ಹೆಚ್ಚಿಸಿದ. ನೋಲಾ, ವಿನ್ನಿ, ಥೆಲ್ಮಾ, ಎಲ್ಲರಿಗಿಂತ ಮುಂದೆ ಅರ್ಧ ಮೀಸೆಯ ಕೆವ್ ಡ್ರಮಂಡ್, ಎಲ್ಲರೂ ಕಣ್ಣ ಮುಂದೆ ಒಮ್ಮೆ ಮಿಂಚಿ ಹಿಂದೆ ಸರಿದರು.

ಕ್ಲೆಮ್ ಹರಿದ ತೋಳಿನೊಡನೆ ಸೀಟಿನ ಮೇಲೆ ಕುಸಿದ. ಮಾಡಿದ್ದುಣ್ಣೋ ಮಹಾರಾಯ ಎನ್ನುವಂತೆ ಕಿಟಕಿಯಿಂದ ಬಂದ ಯರ್ರಬೂನಿನ ನೊಣವೊಂದು ಅವನ ಮೂಗಿನ ಮೇಲೆ ಬಂದು ಕೂತಿತು.

"ಎಂಥ ಪ್ರೀತಿ ಸ್ವಾಮಿ ನಿಮ್ಮೂರಿನೋರದ್ದು!" ಎಂದು ಕಂಡಕ್ಟರ್ ಎದುರಿಗೆ ಕೂತ. "ಬೇಜಾರಾಗಬೇಡಿ. ಇನ್ನು ಸಿಡ್ನಿಯವರೆಗೂ ಎಲ್ಲೂ ನಿಲ್ಲಲ್ಲ. ನನಗೂ ಕೆಲಸ ಇಲ್ಲ, ಮಾತಾಡ್ತಾ ಕೂರೋಣ. ಅಲ್ಲಾ, ಅಷ್ಟೊಂದು ಜನ ಹಬ್ಬ ಮಾಡ್ಬೇಕಾದ್ರೆ ಆ ಸ್ಟೇಷನ್ನಿಗೆ ಏನೋ ದೊಡ್ಡ ಚರಿತ್ರೆನೇ ಇರಬೇಕು."

ಕ್ಲೆಮ್ ತಲೆ ಎತ್ತಿದ. ಸೀಟನ್ನು ನೋಡಿದ, ಬಾಗಿಲನ್ನು ನೋಡಿದ. ಒಲೆಯ ಮೇಲೆ ಏನನ್ನೂ ಇಟ್ಟು ಬಂದಿರದ ಕಂಡಕ್ಟರನನ್ನು ನೋಡಿದ. ಬಿಡುಗಡೆಯಾದ ಕೈಯಿಂದ ನೊಣವನ್ನು ಓಡಿಸಿ, ಜರುಗಿ ಅವನ ಹತ್ತಿರ ಕೂತ.

"ನೂರು ವರ್ಷದ ಹಿಂದೆ" ಎಂದು ಶುರು ಮಾಡಿದ, "ಒಬ್ಬ ಸರ್ವೇಯರು ಹಸ್ಕೊಂಡು ನಮ್ಮೂರಿಗೆ ಬಂದ ನೋಡು..."